ಮೆಮ್ನಾನ್ ದ್ರೋಹಿಯಾ ವೀರನಾ? ಮೊದಲು ಅವನ ಅಣ್ಣನನ್ನು ಬೇರೆ ಮಾಡಿ

ಗ್ರೀಕನಾಗಿ ಹುಟ್ಟಿ, ಪರ್ಷಿಯಾದ ಸಂಬಳಕ್ಕೆ ಅಲೆಕ್ಸಾಂಡರ್ ವಿರುದ್ಧ ನಿಂತ ಮೆಮ್ನಾನ್‌ನನ್ನು ನಿಮ್ಮ ವಿಡಿಯೋದಲ್ಲಿ ದ್ರೋಹಿ ಅನ್ನೋದಾ, ವೀರ ಅನ್ನೋದಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದು ನಾನೂ ಒಂದು ಪತ್ರಿಕೆಗೆ ಲೇಖನಮಾಲೆ ಶುರು ಮಾಡಿದ್ದೆ. ಮೊದಲ ಕಂತಿಗೇ ಮಗುಚಿಬಿತ್ತು.

ರೋಡ್ಸ್ ದ್ವೀಪದ ಅಣ್ಣತಮ್ಮಂದಿರು ಮೆಂಟರ್, ಮೆಮ್ನಾನ್. ಇಬ್ಬರೂ ದುಡ್ಡಿಗೆ ದಂಡು ನಡೆಸುವವರು. ಇವರ ಸೋದರಿಯನ್ನು ಮದುವೆಯಾದ ಪರ್ಷಿಯನ್ ಪ್ರಾಂತಾಧಿಕಾರಿ ಅರ್ತಬಾಜಸ್ ದೊರೆಯ ಮೇಲೆ ದಂಗೆ ಎದ್ದು ಸೋತ. ಅಣ್ಣ ಮೆಂಟರ್ ಈಜಿಪ್ಟಿಗೆ ಹೋದ. ಅಲ್ಲಿಂದ 4,000 ಗ್ರೀಕ್ ಬಾಡಿಗೆ ಸೈನಿಕರೊಂದಿಗೆ ಪರ್ಷಿಯಾದ ಮೇಲೆ ದಂಗೆ ಎದ್ದಿದ್ದ ಸಿಡೋನ್ ನಗರವನ್ನು ಕಾಯಲು ಬಂದವನು, ಪರ್ಷಿಯಾದ ಕಡೆಗೇ ಜಿಗಿದ. ಆಮೇಲೆ ಈಜಿಪ್ಟನ್ನೂ ದೊರೆಗೆ ಗೆದ್ದುಕೊಡಲು ನೆರವಾದ. ಇದಿಷ್ಟನ್ನೂ ನಾನು ತಮ್ಮನ ಖಾತೆಗೆ ಬರೆದುಬಿಟ್ಟೆ! ಅದರ ಮೇಲೆಯೇ ‘ದ್ರೋಹಿ’ ಅಂತ ತೀರ್ಪನ್ನೂ ಕೊಟ್ಟೆ. ಓದುಗರೊಬ್ಬರು ಪತ್ರ ಬರೆದರು, ಮಾಲೆ ನಿಂತಿತು.

ಮಾಲೆ ಹೋಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ತಮ್ಮನನ್ನು ಈಜಿಪ್ಟಿಗೆ ಕಳಿಸಿದ ಗಡಿಬಿಡಿಯಲ್ಲಿ ಅವನು ನಿಜವಾಗಿ ಎಲ್ಲಿದ್ದ ಅಂತ ನೋಡಲೇ ಇಲ್ಲ. ಮೆಮ್ನಾನ್ ಆಗ ಅರ್ತಬಾಜಸ್ ಜೊತೆ ಮ್ಯಾಸಿಡೋನಿಯಾದಲ್ಲಿ, ಅಲೆಕ್ಸಾಂಡರ್ ತಂದೆ ದೊರೆ ಫಿಲಿಪ್‌ನ ಆಶ್ರಯದಲ್ಲಿದ್ದ. ಅಲೆಕ್ಸಾಂಡರ್ ಇನ್ನೂ ಚಿಕ್ಕ ಹುಡುಗ. ಉದ್ದನೆ ಈಟಿಯ ಪಡೆ ಕಟ್ಟಿದ್ದು ಈ ಫಿಲಿಪ್ಪನೇ, ಅಲ್ವಾ? ಆ ಸೈನ್ಯ ಏನು ಅಂತ ಪರ್ಷಿಯಾದ ಸರದಾರರಲ್ಲಿ ಮೆಮ್ನಾನ್‌ಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿರಬೇಕು? ಮುಂದೆ ಪರ್ಷಿಯಾದ ದೊರೆಯ ಹತ್ತಿರ ಮಾತಾಡಿ ಇವರಿಗೆ ಕ್ಷಮೆ ಕೊಡಿಸಿ ವಾಪಸ್ ಕರೆಸಿಕೊಂಡವನು ಅಣ್ಣ.

ಇದು ತಿಳಿದ ಮೇಲೆ ಅಲೆಕ್ಸಾಂಡರ್ ದಂಡೆತ್ತಿ ಬಂದಾಗ, ಕ್ರಿ.ಪೂ. 334ರಲ್ಲಿ ಜೆಲಿಯಾ ಊರಲ್ಲಿ ಸೇರಿದ ಪರ್ಷಿಯನ್ ಸರದಾರರ ಸಭೆ ಬೇರೆಯೇ ಕಾಣುತ್ತದೆ. ಮೆಮ್ನಾನ್ ಹೇಳಿದ್ದು: ಎದುರಿಗೆ ನಿಂತು ಕಾದಾಡಬೇಡಿ. ಹಿಂದೆ ಸರಿಯಿರಿ, ಮೇವು ತುಳಿಸಿ, ಪೈರು ಸುಡಿ, ಊರುಗಳನ್ನೂ ಉಳಿಸಬೇಡಿ, ಅಲೆಕ್ಸಾಂಡರ್ ಸೈನ್ಯ ಹಸಿವಿನಿಂದಲೇ ಹಿಂದಿರುಗುತ್ತದೆ. ಆ ಸೀಮೆಯ ಅಧಿಕಾರಿ ಅರ್ಸಿಟಿಸ್, ನನ್ನ ಜನರ ಒಂದು ಮನೆಯನ್ನೂ ಸುಡಲು ಬಿಡುವುದಿಲ್ಲ ಅಂದ. ಸಲಹೆ ಬಿಟ್ಟು ಗ್ರಾನಿಕಸ್ ನದಿಯಲ್ಲಿ ಎದುರು ನಿಂತ ಪರ್ಷಿಯನ್ನರು ಸೋತರು. ಪರ್ಷಿಯಾದ ಬಾಡಿಗೆಗೆ ಬಂದಿದ್ದ ಗ್ರೀಕರನ್ನು ಅಲೆಕ್ಸಾಂಡರ್ ಕಡೆಯವರು ಸುತ್ತುವರಿದು ಕೊಂದರು. ಉಳಿದ 2,000 ಜನರನ್ನು ಸರಪಳಿ ಹಾಕಿ ಮ್ಯಾಸಿಡೋನಿಯಾಕ್ಕೆ ಕಳಿಸಿದರು.

ಈಗ ನಿಮ್ಮ ಪ್ರಶ್ನೆ. ದ್ರೋಹ ಮಾಡಲು ಮೊದಲು ಒಂದು ದೇಶ ಇರಬೇಕಲ್ಲ! ರೋಡ್ಸ್‌ನವನಿಗೆ ಮ್ಯಾಸಿಡೋನಿಯಾದ ಋಣ ಏನಿತ್ತು? ಹೆಂಡತಿ ಬಾರ್ಸಿನ್ ಅರ್ತಬಾಜಸ್‌ನ ಮಗಳು. ಅವಳನ್ನೂ ಮಕ್ಕಳನ್ನೂ ಪರ್ಷಿಯಾದ ಆಗಿನ ದೊರೆ ಡೇರಿಯಸ್ ಬಳಿಗೆ ಕಳಿಸಿದ, ಒತ್ತೆ ಇಟ್ಟ ಹಾಗೆ. ಡೇರಿಯಸ್ ಅವನಿಗೆ ನೌಕಾಪಡೆ ಕೊಟ್ಟ. ಕಿಯೋಸ್ ದ್ವೀಪ ಕೈಗೆ ಬಂತು, ಲೆಸ್ಬೋಸ್ ದ್ವೀಪ ಬಹುಪಾಲು ಬಂತು. ಕ್ರಿ.ಪೂ. 333ರಲ್ಲಿ ಅಲ್ಲಿನ ಮಿಟಿಲೀನ್ ನಗರದ ಮುತ್ತಿಗೆಯ ಮಧ್ಯೆ ಕಾಯಿಲೆ ಬಿದ್ದು ಸತ್ತ. ಬದುಕಿದ್ದರೆ ಅಲೆಕ್ಸಾಂಡರ್ ಕಥೆ ಮುಗಿಯುತ್ತಿತ್ತು ಅಂತ ದಯವಿಟ್ಟು ಹೇಳಬೇಡಿ. ಅದು ಸುಮ್ನೆ ಚಪ್ಪಾಳೆ ಗಿಟ್ಟಿಸುವ ಮಾತು.

ವಿಡಿಯೋವನ್ನು ಗ್ರಾನಿಕಸ್‌ನಿಂದ ಶುರು ಮಾಡಬೇಡಿ. ಫಿಲಿಪ್‌ನ ಆಸ್ಥಾನದಿಂದ ಶುರು ಮಾಡಿ, ಅಣ್ಣನಿಗೆ ಬೇರೆ ಎಪಿಸೋಡ್ ಕೊಡಿ.