ಮಾರ್ಕೆಟ್ಟಿನಿಂದ ಬರಿಗೈಲಿ ಬಂದಿದ್ದೀರಿ

ನಮಸ್ಕಾರ.

ಮೈಸೂರಿನ ಮಾರ್ಕೆಟ್ಟಿನ ಬಗ್ಗೆ ನೀವು ಕಳಿಸಿದ ‘ದೇವರಾಜ ಮಾರುಕಟ್ಟೆ: ಬಣ್ಣಗಳ ಕನಸು’ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕಂದ್ರೆ ಸುತ್ತಿ ಬಳಸಿ ಹೇಳಿದ ‘ಇಲ್ಲ’ವನ್ನು ನಾನೂ ಒಂದು ಕಾಲದಲ್ಲಿ ‘ಹೂಂ’ ಅಂತ ಓದಿಕೊಂಡು ತಿಂಗಳುಗಟ್ಟಲೆ ಕಾದಿದ್ದೇನೆ. ಆದರೆ ಹಾಗೇ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನಿಮ್ಮ ಏಳನೇ ಪುಟದಲ್ಲಿ ಮೂರು ಸಾಲು ಇವೆ. ಇಷ್ಟುದ್ದ ಪತ್ರ ಬರೆಯುತ್ತಿರುವುದು ಅವುಗಳ ದೆಸೆಯಿಂದ. ಅಲ್ಲಿಗೆ ಆಮೇಲೆ ಬರುತ್ತೇನೆ.

ಶುರುವಿನಿಂದ ನೋಡೋಣ. ‘ಹೆಬ್ಬಾಗಿಲಲ್ಲಿ ಕಾಲಿಟ್ಟೊಡನೆ ಗತವೈಭವದ ಸುಗಂಧ ನನ್ನನ್ನು ಆವರಿಸಿತು’ ಎಂದು ಬರೆದಿದ್ದೀರಿ. ಗತವೈಭವಕ್ಕೆ ವಾಸನೆ ಇರುವುದಿಲ್ಲ. ಮಾರ್ಕೆಟ್ಟಿಗೆ ಇರುತ್ತದೆ. ಮಾಗಿದ ಬಾಳೆಗೊನೆ, ಒದ್ದೆ ಗೋಣಿಚೀಲ, ವೀಳ್ಯದೆಲೆಯ ಹಸಿ ಘಾಟು, ಯಾರೋ ಹಚ್ಚಿಟ್ಟ ಊದುಬತ್ತಿ, ಕಾಲಡಿ ಕೊಳೆಯುವ ಕೋಸಿನ ಎಲೆ. ಇವನ್ನೆಲ್ಲ ನೀವು ಮೂಸಿಯೇ ಇರುತ್ತೀರಿ. ಬರೆಯಲು ಕೂತಾಗ ಮಾತ್ರ ‘ಸುಗಂಧ’ ಅಂತ ಒಂದೇ ಮುಚ್ಚಳ ಹಾಕಿಬಿಟ್ಟಿರಿ. ಅಷ್ಟೇ ಅಲ್ಲ, ಯಾವ ಕಡೆಯಿಂದ ಒಳಗೆ ಹೋದಿರಿ ಅನ್ನುವುದೂ ಇಲ್ಲ. ಧನ್ವಂತರಿ ರಸ್ತೆಯ ಕಡೆಯಿಂದಲೋ, ಸಯ್ಯಾಜಿ ರಾವ್ ರಸ್ತೆಯಿಂದಲೋ, ಚಿಕ್ಕ ಗಡಿಯಾರದ ಕಡೆಯಿಂದಲೋ? ಮೈಸೂರಿನವರು ಮೊದಲು ಕೇಳುವುದೇ ಅದನ್ನು.

ಗಡಿಯಾರ ಅಂದಾಗ ನೆನಪಾಯಿತು. ಮಾರ್ಕೆಟ್ಟಿನ ಎದುರು ‘ದೊಡ್ಡ ಗಡಿಯಾರದ ಕನ್ನಡ ಅಂಕಿಗಳು’ ಕಂಡವು ಎಂದಿದ್ದೀರಿ. ಇಲ್ಲ. ಕನ್ನಡ ಅಂಕಿ ಇರುವ ದೊಡ್ಡ ಗಡಿಯಾರ ಅರಮನೆಯ ಉತ್ತರಕ್ಕೆ, ಪುರಭವನದ ಹತ್ತಿರ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು ಇಪ್ಪತ್ತೈದು ವರ್ಷವಾದಾಗ, 1927ರಲ್ಲಿ, ಅದನ್ನು ಕಟ್ಟಿದರು. ಮಾರ್ಕೆಟ್ಟಿನ ಮುಂದಿರುವುದು ಚಿಕ್ಕ ಗಡಿಯಾರ. ವೈಸರಾಯ್ ಡಫರಿನ್ ಬಂದು ಹೋದ ನೆನಪಿಗೆ ಕಟ್ಟಿದ್ದು. ಊರಿನವರ ಬಾಯಲ್ಲಿ ಡಫರಿನ್ ಹೆಸರು ಎಂದೋ ಬಿದ್ದುಹೋಗಿದೆ.

ಇದಕ್ಕಿಂತ ದೊಡ್ಡ ತಪ್ಪು ಎರಡನೇ ಪುಟದಲ್ಲಿದೆ. ‘ಮುಖ್ಯಮಂತ್ರಿ ದೇವರಾಜ ಅರಸರ ಹೆಸರು ಹೊತ್ತ ಈ ಮಾರುಕಟ್ಟೆ’ ಅಂತೆ. ಎಡವಿದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಕೂಗಳತೆಯಲ್ಲೇ ದೇವರಾಜ ಅರಸು ರಸ್ತೆ ಇದೆ, ಬೋರ್ಡ್ ನೋಡಿ ಎರಡನ್ನೂ ಸೇರಿಸಿಬಿಟ್ಟಿರಿ. ಅರಸು ಹುಟ್ಟಿದ್ದು 1915ರಲ್ಲಿ, ಮುಖ್ಯಮಂತ್ರಿ ಆಗಿದ್ದು 1972ರಲ್ಲಿ. ಮಾರ್ಕೆಟ್ಟು ಅವರಿಗಿಂತ ಹಿರಿಯದು, ಹತ್ತೊಂಬತ್ತನೇ ಶತಮಾನದ ಕೊನೆಯಷ್ಟು ಹಳೆಯದು. ಹೆಸರು ಬಂದದ್ದು ದೊಡ್ಡ ದೇವರಾಜ ಒಡೆಯರಿಂದ. ಅವರು 1659ರಿಂದ 1673ರವರೆಗೆ ಆಳಿದವರು. ಚಾಮುಂಡಿ ಬೆಟ್ಟದ ದೊಡ್ಡ ನಂದಿ ಅವರ ಕಾಲದ್ದೇ. ಬೆಟ್ಟಕ್ಕೂ ಹೋಗಿದ್ದೆ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಬೆಟ್ಟಕ್ಕೂ ಮಾರ್ಕೆಟ್ಟಿಗೂ ನಡುವೆ ಒಂದು ದಾರಿ ಅಲ್ಲೇ ಬಿದ್ದಿತ್ತು. ನೀವು ದಾಟಿ ಹೋದಿರಿ.

ಇಂಥ ತಪ್ಪನ್ನು ನಾವೇ ತಿದ್ದಬಹುದು, ಐದು ನಿಮಿಷದ ಕೆಲಸ. ಅದಕ್ಕಾಗಿ ಯಾವ ಲೇಖನವನ್ನೂ ವಾಪಸ್ ಕಳಿಸುವುದಿಲ್ಲ. ನನಗೆ ಜಾಸ್ತಿ ತೊಂದರೆ ಕೊಟ್ಟಿದ್ದು ಬೇರೆ. ನೀವು ಇಡೀ ಮಾರ್ಕೆಟ್ಟು ಸುತ್ತಿದ್ದೀರಿ, ಒಂದು ನಿಂಬೆಹಣ್ಣನ್ನೂ ಕೊಂಡಿಲ್ಲ. ಕೊಳ್ಳಲು ಹೋದವರಿಗೆ ಕಾಣುವುದು ಬೇರೆ, ನೋಡಲು ಹೋದವರಿಗೆ ಕಾಣುವುದು ಬೇರೆ.

ಆ ಕುಂಕುಮದ ಭಾಗವನ್ನೇ ತೆಗೆದುಕೊಳ್ಳಿ. ‘ನೀಲಿ, ಹಸಿರು, ನೇರಳೆ ಕುಂಕುಮದ ಗೋಪುರಗಳು’ ಎಂದಿದ್ದೀರಿ. ನೀಲಿ ಕುಂಕುಮವನ್ನು ಯಾರು ಹಣೆಗೆ ಇಡುತ್ತಾರೆ? ಅದು ರಂಗೋಲಿ ಬಣ್ಣ ಅಲ್ವಾ? ತಟ್ಟೆಯ ಮೇಲೆ ಚೂಪಾಗಿ ಗುಡ್ಡೆ ಹಾಕಿಟ್ಟ ಆ ಪುಡಿ ಮೈಸೂರಿನ ಪ್ರತಿ ಪ್ರವಾಸಿಯ ಫೋನಿನಲ್ಲೂ ಇದೆ. ನೂರು ಗ್ರಾಂ ಕಟ್ಟಿಸಿಕೊಂಡಿದ್ದರೆ ಅಂಗಡಿಯವರೇ ಹೇಳುತ್ತಿದ್ದರು, ಯಾವುದು ಹಣೆಗೆ, ಯಾವುದು ಹೊಸ್ತಿಲ ಮುಂದಕ್ಕೆ ಅಂತ. ಆ ಗೋಪುರದಿಂದ ಒಂದು ಚಮಚ ತೆಗೆದರೆ ಆಕಾರ ಕೆಡುತ್ತದೋ, ಅಥವಾ ಮಾರುವ ಪುಡಿ ಹಿಂದಿನ ಡಬ್ಬಿಯಲ್ಲಿರುತ್ತದೋ? ನನಗೆ ಓದಬೇಕಾಗಿದ್ದು ಅದು. ನೀವು ಕೊಟ್ಟಿದ್ದು ‘ಕಾಮನಬಿಲ್ಲೇ ಧರೆಗಿಳಿದಂತೆ’. ಕಾಮನಬಿಲ್ಲು ನಮ್ಮ ಕಚೇರಿಗೆ ತಿಂಗಳಿಗೆ ಎರಡು ಮೂರು ಸಲ ಧರೆಗಿಳಿಯುತ್ತದೆ.

ಇನ್ನು ಹೂವು. ಡಿಸೆಂಬರ್ ಕೊನೆ ವಾರ ಹೋಗಿದ್ದೆ ಅಂತ ನೀವೇ ಹೇಳಿದ್ದೀರಿ. ಹಾಗಿದ್ದೂ ‘ಬುಟ್ಟಿ ಬುಟ್ಟಿ ಮೈಸೂರು ಮಲ್ಲಿಗೆ’! ಮಲ್ಲಿಗೆ ಬೇಸಿಗೆಯ ಹೂವು. ಚಳಿಯಲ್ಲಿ ಅದು ಕಮ್ಮಿ, ಸಿಕ್ಕರೂ ಬೆಲೆ ಕೇಳಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಗ ಬುಟ್ಟಿಯಲ್ಲಿ ಬೆಳ್ಳಗೆ ಕಂಡದ್ದು ಕಾಕಡ ಇರಬಹುದು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಮೂಗಿನ ಹತ್ತಿರ ಹಿಡಿದರೆ ಗುಟ್ಟು ರಟ್ಟು. ಒಂದು ಮೊಳ ಕೊಂಡಿದ್ದರೆ ಇನ್ನೊಂದು ವಿಷಯವೂ ಸಿಗುತ್ತಿತ್ತು. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಯಾರ ಮೊಣಕೈ? ಮಾರುವವರದು. ನಮ್ಮಮ್ಮ ಸಾಲಿನಲ್ಲಿ ಕೂತವರನ್ನೆಲ್ಲ ಒಮ್ಮೆ ನೋಡಿ, ಉದ್ದ ಕೈಯವರ ಹತ್ತಿರವೇ ಹೋಗುತ್ತಿದ್ದರು. ಹೂವಿನವರೂ ಕಮ್ಮಿ ಇರಲಿಲ್ಲ. ಅಳೆಯುವಾಗ ಮಣಿಕಟ್ಟು ಸ್ವಲ್ಪ ಮಡಿಸುತ್ತಿದ್ದರು. ಅಮ್ಮ ಅದನ್ನು ಕಂಡರೂ ಕಾಣದ ಹಾಗಿದ್ದು, ಕೊನೆಗೆ ‘ಕೊಸರು ಹಾಕಮ್ಮ’ ಅನ್ನುತ್ತಿದ್ದರು. ನಾಲ್ಕು ಹೂವು ಜಾಸ್ತಿ ಬರುತ್ತಿತ್ತು. ಮಡಿಸಿದ ಮಣಿಕಟ್ಟಿಗೂ ಕೊಸರಿಗೂ ಲೆಕ್ಕ ಚುಕ್ತಾ.

ಬಾಳೆಹಣ್ಣಿನ ಸಾಲಿನಲ್ಲಿ ನೀವು ‘ರಾಶಿ ರಾಶಿ ನಂಜನಗೂಡು ರಸಬಾಳೆ’ ನೋಡಿದ್ದೀರಿ. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಅನುಮಾನ ಬಂತು. ರಸಬಾಳೆಗೆ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ಇದೆ, ಮೈಸೂರು ಮಲ್ಲಿಗೆಗೂ ಮೈಸೂರು ವೀಳ್ಯದೆಲೆಗೂ ಇರುವ ಹಾಗೆ. ಆದರೆ ಪನಾಮ ರೋಗ ಬಂದು ತೋಟಕ್ಕೆ ತೋಟವೇ ಸೊರಗಿತು. ಆ ರೋಗ ಮಣ್ಣಿನಲ್ಲಿ ಉಳಿಯುತ್ತದೆ, ಒಮ್ಮೆ ಹೊಕ್ಕರೆ ಅದೇ ಜಾಗದಲ್ಲಿ ಮತ್ತೆ ರಸಬಾಳೆ ನೆಟ್ಟು ಬೆಳೆ ತೆಗೆಯುವುದು ಕಷ್ಟ. ಈಗ ರಸಬಾಳೆ ಬೆಳೆಯುವವರು ಕಮ್ಮಿ. ನೀವು ನೋಡಿದ ರಾಶಿ ಬಹುಶಃ ಏಲಕ್ಕಿ ಬಾಳೆ ಅಥವಾ ಪಚ್ಚಬಾಳೆ. ‘ರಸಬಾಳೆ ಇದೆಯಾ?’ ಅಂತ ಒಂದು ಮಾತು ಕೇಳಿ, ಬಂದ ಉತ್ತರ ಬರೆದಿದ್ದರೆ ಅದರೊಳಗೆ ಒಂದು ಊರಿನ ಕಥೆ ಇರುತ್ತಿತ್ತು. ‘ಇಲ್ಲ’ ಅಂದಿದ್ದರೂ ಸರಿ. ‘ಇಲ್ಲ’ ಅಂದಿದ್ದರೆ ಇನ್ನೂ ಒಳ್ಳೆಯದಿತ್ತು.

ಕಟ್ಟಡದ ಬಗ್ಗೆ ಒಂದು ಸಾಲು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ‘ಬಿರುಕು ಬಿಟ್ಟ ಗೋಡೆಗಳಲ್ಲೂ ಎಂಥ ಸೊಬಗು!’ ದಯವಿಟ್ಟು ಇದನ್ನು ತೆಗೆಯಿರಿ. 2012ರ ಆಗಸ್ಟ್‌ನಲ್ಲಿ ಅಲ್ಲೇ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೇ ಪುಸ್ತಕದ ಅಂಗಡಿಗಳಿದ್ದ ಕಟ್ಟಡ ಅದು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನದೇ ಉತ್ತರ ಭಾಗದಲ್ಲಿ ಒಂದಷ್ಟು ಬಿತ್ತು. ಆವತ್ತಿನಿಂದ ಊರಿನಲ್ಲಿ ವಾದ ನಿಂತಿಲ್ಲ. ಕೆಡವಿ ಹೊಸದು ಕಟ್ಟಬೇಕು ಅನ್ನುವವರು ಒಂದು ಕಡೆ, ಗಾರೆ ಕಟ್ಟಡ, ರಿಪೇರಿ ಮಾಡಿದರೆ ನಿಲ್ಲುತ್ತದೆ ಅನ್ನುವವರು ಇನ್ನೊಂದು ಕಡೆ. ವಿಷಯ ಕೋರ್ಟಿನ ಮೆಟ್ಟಿಲೂ ಹತ್ತಿತು. ಕೆಡವುವ ಮಾತು ಬಂದಾಗಲೆಲ್ಲ ಅಂಗಡಿಯವರ ಚಿಂತೆ ಬೇರೆಯೇ: ಎದ್ದು ಹೋದರೆ ಮತ್ತೆ ಇದೇ ಜಾಗ ಸಿಗುತ್ತದಾ? ನಡುವೆ ವ್ಯಾಪಾರ ಎಲ್ಲಿ? ಇಂಥ ಗೋಡೆಯ ಕೆಳಗೆ ದಿನಾ ಕೂರುವವರಿಗೆ ಬಿರುಕು ಸೊಬಗಲ್ಲ. ನೀವು ಯಾರ ಪಕ್ಷವನ್ನೂ ವಹಿಸಬೇಕಿಲ್ಲ. ಬಿರುಕಿನ ಕೆಳಗೆ ಕೂತವರನ್ನು ‘ಭಯ ಆಗಲ್ವಾ?’ ಅಂತ ಕೇಳಿದ್ದರೆ ಸಾಕಿತ್ತು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ವಿಪಣಿ’, ‘ಪುಷ್ಪವಿಕ್ರೇತ’, ‘ತಾಂಬೂಲಪರ್ಣ’ ಇವನ್ನೆಲ್ಲ ಎಲ್ಲಿಂದ ತಂದಿರೋ ಅಲ್ಲೇ ಇಟ್ಟುಬಿಡಿ. ಆ ಜಾಗದಲ್ಲಿ ಜನ ಆಡುವ ಮಾತು ನಿಮಗೆ ಗೊತ್ತಿದೆ: ಗಿರಾಕಿ, ಬೋಣಿ, ಚೌಕಾಸಿ, ಚಿಪ್ಪು, ಗೊನೆ, ಒಂದು ಕಟ್ಟು ಎಲೆ. ಇವನ್ನು ಬರೆದರೆ ಲೇಖನದ ಗೌರವ ಕಮ್ಮಿ ಆಗುತ್ತದೆ ಅಂತ ಯಾರೋ ನಿಮ್ಮ ತಲೆಯಲ್ಲಿ ತುಂಬಿದ್ದಾರೆ. ನನ್ನ ತಲೆಯಲ್ಲೂ ತುಂಬಿದ್ದರು. ನನ್ನ ಮೊದಲ ಬರಹದಲ್ಲಿ ತರಕಾರಿ ಅಂಗಡಿಯನ್ನು ‘ಶಾಕವಿಪಣಿ’ ಅಂತ ಬರೆದಿದ್ದೆ. ಅದು ಅಚ್ಚಾಯಿತು ಕೂಡ. ಮನೆಯಲ್ಲಿ ಓದಿದವರು ಶಾಕ್ ಹೊಡೆಯುವ ಅಂಗಡಿಯೇನೋ ಅಂದುಕೊಂಡರು.

ಈಗ ಏಳನೇ ಪುಟ. ನೀವು ಹೀಗೆ ಬರೆದಿದ್ದೀರಿ: ‘ಎಲೆ ಮಾರುವ ಅಜ್ಜಿ ನನ್ನ ಕ್ಯಾಮೆರಾ ನೋಡಿ, “ಬೋಣಿ ಆಗಿಲ್ಲ ಕಣಪ್ಪ, ಮೊದಲು ಒಂದು ಕಟ್ಟು ತಗೋ, ಆಮೇಲೆ ಹೊಡ್ಕೋ” ಎಂದಳು. ನಾನು ನಗುತ್ತಾ ಮುಂದೆ ನಡೆದೆ. ಹತ್ತು ಹೆಜ್ಜೆ ಹೋದ ಮೇಲೆ ನಾಚಿಕೆಯಾಯಿತು.’

ಇಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಬಣ್ಣಗಳ ಕನಸು ಶುರು.

ಇಲ್ಲಿ ಮಾತ್ರ ನೀವು ಸುಳ್ಳು ಹೇಳಿಲ್ಲ. ಹೊತ್ತು ಎಷ್ಟಾಗಿತ್ತು? ಬೋಣಿ ಆಗದೆ ಆ ಅಜ್ಜಿ ಎಷ್ಟು ಹೊತ್ತಿನಿಂದ ಕೂತಿದ್ದರು? ಮೊದಲ ಗಿರಾಕಿ ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಕೆಡುತ್ತದೆ ಅಂತ ನಂಬುವವರ ಎದುರು ನೀವು ನಕ್ಕು ನಡೆದಿರಿ. ಆ ಹತ್ತು ಹೆಜ್ಜೆಯಲ್ಲಿ ಏನೇನು ಯೋಚಿಸಿದಿರಿ? ವಾಪಸ್ ಹೋಗಬೇಕು ಅನ್ನಿಸಿತಾ? ಯಾಕೆ ಹೋಗಲಿಲ್ಲ? ನಿಮ್ಮ ಲೇಖನ ಇದೇ. ಹಿಂದಿನ ಆರು ಪುಟ ಅಲ್ಲಿಗೆ ಹೋಗುವ ಆಟೋ ಚಾರ್ಜು ಅಂದುಕೊಳ್ಳಿ. ಅಂದ ಹಾಗೆ, ಅಜ್ಜಿ ‘ಎಂದಳು’ ಬೇಡ, ‘ಎಂದರು’ ಅನ್ನಿ. ಅವರು ನಿಮ್ಮನ್ನು ಏಕವಚನದಲ್ಲಿ ಕರೆಯಬಹುದು, ವಯಸ್ಸಿದೆ. ನಿಮಗಿಲ್ಲ.

ಇನ್ನೊಂದು ಸಲ ಹೋಗಿ. ಕ್ಯಾಮೆರಾ ಮನೆಯಲ್ಲಿರಲಿ, ಬಟ್ಟೆ ಚೀಲ ತಗೊಳ್ಳಿ. ಮನೆಯವರ ಹತ್ತಿರ ಚೀಟಿ ಬರೆಸಿಕೊಳ್ಳಿ, ಕೊಡುವ ದುಡ್ಡು ಸ್ವಲ್ಪ ಬಿಗಿಯಾಗಿಯೇ ಇರಲಿ. ಆಯುಧಪೂಜೆಯ ಹಿಂದಿನ ದಿನ ಆದರೆ ಇನ್ನೂ ಒಳ್ಳೆಯದು. ಬೂದುಗುಂಬಳ, ಬಾಳೆಕಂದು, ಸೇವಂತಿಗೆ, ನಿಂಬೆಹಣ್ಣು ಎಲ್ಲ ರಸ್ತೆಗೇ ಬಂದು ಕೂತಿರುತ್ತವೆ. ಆವತ್ತು ಕುಂಕುಮ ಫೋಟೋಗಲ್ಲ, ಕುಂಬಳಕಾಯಿಯೊಳಗೆ ತುಂಬಿ ಒಡೆಯುವುದಕ್ಕೆ. ಆಯುಧಪೂಜೆಯ ಮಾರನೇ ದಿನ ಅಂಬಾರಿ ಹೊತ್ತ ಆನೆ ಇದೇ ಸಯ್ಯಾಜಿ ರಾವ್ ರಸ್ತೆಯಲ್ಲಿ, ಮಾರ್ಕೆಟ್ಟಿನ ಮುಂದೆಯೇ ಬನ್ನಿಮಂಟಪಕ್ಕೆ ಹೋಗುತ್ತದೆ. ಆನೆಯ ಬಗ್ಗೆ ಬರೆಯಬೇಡಿ. ಅದಕ್ಕೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಎಲೆ ಸಾಲಿಗೆ ಹೋಗಿ, ಅಜ್ಜಿ ಇದ್ದರೆ ಒಂದು ಕಟ್ಟು ಕೊಂಡು, ಆಮೇಲೆ ಮಾತಾಡಿಸಿ. ಇಲ್ಲದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ. ಎಂಟುನೂರು ಪದ ಸಾಕು, ಎರಡು ಸಾವಿರ ಬೇಡ. ಕರಡಿನ ಜೊತೆ ಖರ್ಚಿನ ಚೀಟಿಯನ್ನೂ ಕಳಿಸಿ, ಯಾವುದಕ್ಕೆ ಎಷ್ಟು ಕೊಟ್ಟಿರಿ ಅಂತ. ಬೂದುಗುಂಬಳಕ್ಕೆ ಎಷ್ಟು ಹೇಳಿದರು, ನೀವು ಎಷ್ಟಕ್ಕೆ ಇಳಿಸಿದಿರಿ ಅನ್ನುವುದನ್ನು ಮಾತ್ರ ಮರೆಯಬೇಡಿ. ಹೋದ ವರ್ಷ ನನಗೆ ಸರಿಯಾಗಿ ಟೋಪಿ ಬಿದ್ದಿದೆ.