ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ, ಅಂದರೆ ಅಗ್ರ ಲೀಗ್‌ಗಿಂತ ಕೆಳಗಿನ ಹಂತಗಳಲ್ಲಿ, ಯಾವ ಯುವ ಆಟಗಾರ ನಿಜಕ್ಕೂ ಮೇಲೆದ್ದಿದ್ದಾನೆಂದು ಹೇಗೆ ನಿರ್ಧರಿಸುವುದು?

2024ರ ಮಟ್ಟಿಗೆ ನನ್ನ ಆಯ್ಕೆ, ಆಗ ಬಾಸ್ಟನ್ ರೆಡ್ ಸಾಕ್ಸ್‌ನ ಕೆಳಹಂತದ ತಂಡಗಳಲ್ಲಿದ್ದ ಕ್ರಿಸ್ಟಿಯನ್ ಕ್ಯಾಂಪ್‌ಬೆಲ್. 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ನಾಲ್ಕನೆಯ ಸುತ್ತಿನವರೆಗೆ ಯಾರೂ ಆರಿಸದಿದ್ದ ಅವರು, ಮರುವರ್ಷವೇ ಒಂದಕ್ಕಿಂತ ಒಂದು ಮೇಲಿನ ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ಮೂರು ಹಂತಗಳಲ್ಲಿ ಆಡಿ, .330 ಬ್ಯಾಟಿಂಗ್ ಸರಾಸರಿಯೊಡನೆ (ನೂರು ಯತ್ನಗಳಿಗೆ 33 ಹಿಟ್) 20 ಹೋಮ್ ರನ್ ಹೊಡೆದು 24 ಬೇಸ್‌ಗಳನ್ನು ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿದರು.

ಆದರೆ ಸರಾಸರಿಯೊಂದನ್ನೇ ನಂಬಬಾರದು. ರೀನೋ, ಆಲ್ಬುಕರ್ಕಿಯಂತಹ ಎತ್ತರದ ಊರುಗಳ ತೆಳುಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ. ಎದುರಾಳಿಗಳಿಗಿಂತ ವಯಸ್ಸಿನಲ್ಲಿ ಹಿರಿಯನಾದವನು ಕೆಳಹಂತದಲ್ಲಿ ಮಿಂಚುವುದೂ ಸಹಜವೇ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸುಧಾರಣೆಗೆ ಕಾಣಸಿಗುವ ಕಾರಣ. ಕಾಲೇಜಿನಲ್ಲಿ ವಿರಳವಾಗಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಆಗುತ್ತಿದ್ದ ಕ್ಯಾಂಪ್‌ಬೆಲ್, ವೃತ್ತಿಪರರಾದ ಮೇಲೆ ಬ್ಯಾಟ್ ಬೀಸುವ ವೇಗವನ್ನು ಹೆಚ್ಚಿಸಿಕೊಂಡು, ಚೆಂಡನ್ನು ಮೇಲಕ್ಕೆತ್ತಿ ಹೊಡೆಯುವುದನ್ನು ಕಲಿತರು. ಹಾಗಾಗಿ ಆ ಋತುವನ್ನು ಬರಿಯ ಅದೃಷ್ಟವೆಂದು ತಳ್ಳಿಹಾಕಲಾಗದು.