ಕೊನೆಯ ಔಟ್ ಆಗುವವರೆಗೂ: ಬೇಸ್‌ಬಾಲ್ ಅಭಿಮಾನಿಗಳ ನೆನಪಿನ ಪಂದ್ಯಗಳು

ಅಮೆರಿಕದ ಬೇಸ್‌ಬಾಲ್ ಬಗ್ಗೆ, ಅದರಲ್ಲೂ ಅಲ್ಲಿನ ಅಭಿಮಾನಿಗಳು ದಶಕಗಳು ಕಳೆದರೂ ಮೆಲುಕು ಹಾಕುವ ಪಂದ್ಯಗಳ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 1988ರ ವರ್ಲ್ಡ್ ಸೀರೀಸ್‌ನಲ್ಲಿ (ನಾಲ್ಕು ಪಂದ್ಯಗಳನ್ನು ಮೊದಲು ಗೆದ್ದವರಿಗೆ ವರ್ಷದ ಪ್ರಶಸ್ತಿ ಕೊಡುವ ಸರಣಿ) ಕರ್ಕ್ ಗಿಬ್ಸನ್ ಹೊಡೆದ ಹೋಮ್ ರನ್ ಅನ್ನು (ಚೆಂಡು ಮೈದಾನದ ಗೋಡೆ ದಾಟಿ, ಹೊಡೆದವರೂ ಬೇಸ್ ಎಂಬ ನಿಲುಗಡೆಗಳಲ್ಲಿದ್ದವರೂ ರನ್ ಗಳಿಸುವ ಹೊಡೆತ) ಬೇಸ್‌ಬಾಲ್ ಪ್ರಿಯರು ಸದಾ ಮೊದಲ ಸಾಲಿನಲ್ಲಿ ನೆನೆಯುತ್ತಾರೆ. ಅದು ಸರಣಿಯ ಮೊದಲನೆಯ ಪಂದ್ಯವಷ್ಟೇ, ಪ್ರಶಸ್ತಿ ತೀರ್ಮಾನವಾದದ್ದು ಆಮೇಲೆ. ಹೀಗಿದ್ದೂ ಅದಕ್ಕೆ ಅಷ್ಟು ಮಹತ್ವ ಏಕೆ?

ಉತ್ತರ: ಆ ಹೊಡೆತದ ಬೆಲೆ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಕೆಲವು ನಿಮಿಷಗಳನ್ನು ಅರಿಯಬೇಕು. 1988ರ ಅಕ್ಟೋಬರ್ 15ರಂದು ಲಾಸ್ ಏಂಜಲೀಸ್‌ನ ಡಾಡ್ಜರ್ ಕ್ರೀಡಾಂಗಣದಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ 4-3ರಿಂದ ಮುಂದಿತ್ತು. ಒಂಬತ್ತನೆಯ, ಅಂದರೆ ಕೊನೆಯ ಇನಿಂಗ್‌ನಲ್ಲಿ ಆತಿಥೇಯ ಡಾಡ್ಜರ್ಸ್ ತಂಡದ ಇಬ್ಬರು ಆಗಲೇ ಔಟಾಗಿದ್ದರು. ಇನ್ನೊಂದು ಔಟ್ ಆದರೆ ಆಟ ಮುಗಿಯುತ್ತಿತ್ತು. ಚೆಂಡು ಎಸೆಯುತ್ತಿದ್ದ ಡೆನ್ನಿಸ್ ಎಕರ್ಸ್ಲಿ, ಮುನ್ನಡೆಯನ್ನು ಕೊನೆಯವರೆಗೆ ಕಾಪಾಡುವುದರಲ್ಲಿ ಆ ಕಾಲಕ್ಕೆ ಎತ್ತಿದ ಕೈ ಎನಿಸಿದ್ದ ಪಿಚರ್. ಒಂದು ಕಾಲಿನ ತೊಡೆಯ ಸ್ನಾಯುವಿಗೂ ಇನ್ನೊಂದರ ಮೊಣಕಾಲಿಗೂ ಪೆಟ್ಟು ಮಾಡಿಕೊಂಡಿದ್ದ ಗಿಬ್ಸನ್, ಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು ಒಳಗಿನ ಕೊಠಡಿಯಲ್ಲಿ ಕುಳಿತಿದ್ದರು. ಅವರು ಆಡುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

ಡಾಡ್ಜರ್ಸ್‌ನ ಮೈಕ್ ಡೇವಿಸ್ ವಾಕ್ (ನಾಲ್ಕು ಎಸೆತಗಳು ಗುರಿ ತಪ್ಪಿದಾಗ ಸಿಗುವ ಉಚಿತ ನಡೆ) ಪಡೆದು ಮೊದಲ ಬೇಸ್ ಸೇರಿದಾಗ, ಬ್ಯಾಟ್ ಹಿಡಿದು ಕುಂಟುತ್ತಾ ಹೊರಬಂದವರು ಗಿಬ್ಸನ್. ಒಂದು ಚೆಂಡು ಬ್ಯಾಟಿಗೆ ತಾಗಿ ಮೊದಲ ಬೇಸ್‌ನ ಗೆರೆಯ ಕಡೆಗೆ ಉರುಳಿದಾಗ ಅವರು ಓಡಲು ಪಟ್ಟ ಪಾಡನ್ನು ನೋಡಿದರೆ, ಈ ಮನುಷ್ಯ ಬೇಸ್‌ವರೆಗೆ ತಲುಪುವುದೇ ಅನುಮಾನ ಎನಿಸುತ್ತದೆ. ಆ ಚೆಂಡು ಗೆರೆಯಿಂದಾಚೆ ಹೋದದ್ದರಿಂದ ಅವರು ಓಡಬೇಕಾಗಲಿಲ್ಲ. ಅಷ್ಟರಲ್ಲಿ ಡೇವಿಸ್ ಎರಡನೆಯ ಬೇಸ್ ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಅಲ್ಲಿಗೆ ಸೇರಿದರು. ಲೆಕ್ಕ ಮೂರು ಬಾಲ್, ಎರಡು ಸ್ಟ್ರೈಕ್‌ಗೆ ಬಂದು ನಿಂತಿತು; ಇನ್ನೊಂದು ಸ್ಟ್ರೈಕ್ ಆದರೆ ಔಟ್, ಇನ್ನೊಂದು ಬಾಲ್ ಆದರೆ ವಾಕ್. ಇಂಥ ಹೊತ್ತಿನಲ್ಲಿ ಎಡಗೈ ಬ್ಯಾಟರ್‌ಗಳಿಗೆ ಎಕರ್ಸ್ಲಿ ಹೊರಗಿನಿಂದ ಒಳಕ್ಕೆ ತಿರುಗುವ ಸ್ಲೈಡರ್ ಎಸೆಯುತ್ತಾರೆಂದು ಎದುರಾಳಿಗಳ ಆಟವನ್ನು ಗಮನಿಸುವ ತಂಡದ ಸ್ಕೌಟ್ ಮೆಲ್ ಡಿಡಿಯರ್ ಮೊದಲೇ ಹೇಳಿಟ್ಟಿದ್ದರು. ಗಿಬ್ಸನ್ ಒಮ್ಮೆ ಹಿಂದೆ ಸರಿದು ಆ ಮಾತನ್ನು ನೆನೆಸಿಕೊಂಡು ಮತ್ತೆ ನಿಂತರು. ಬಂದದ್ದು ಅದೇ ಎಸೆತ. ಹೆಚ್ಚುಕಡಿಮೆ ತೋಳಿನ ಬಲವೊಂದರಿಂದಲೇ ಹೊಡೆದ ಚೆಂಡು ಬಲಗಡೆಯ ಪ್ರೇಕ್ಷಕರ ನಡುವೆ ಹೋಗಿ ಬಿತ್ತು; ಎರಡು ರನ್ ಬಂದು ಡಾಡ್ಜರ್ಸ್ ಪಂದ್ಯ ಗೆದ್ದರು.

ಆ ದೃಶ್ಯವನ್ನು ಮತ್ತೆ ನೋಡುವವರು ಹಿನ್ನೆಲೆಯತ್ತ ಕಣ್ಣು ಹಾಯಿಸಬೇಕು. ಸೋಲು ಖಚಿತವೆಂದು ಎದ್ದು ಹೊರಟವರ ಕಾರುಗಳ ಕೆಂಪು ದೀಪಗಳು ಪ್ರೇಕ್ಷಕರ ಅಟ್ಟಣಿಗೆಯ ಆಚೆ, ವಾಹನ ನಿಲ್ಲಿಸುವ ಜಾಗದಲ್ಲಿ ಉರಿಯುತ್ತಿವೆ. ವೀಕ್ಷಕ ವಿವರಣೆ ನೀಡುತ್ತಿದ್ದ ವಿನ್ ಸ್ಕಲಿ, ಚೆಂಡು ಹೋಯಿತೆಂದು ಹೇಳಿದ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಒಂದು ಮಾತನ್ನೂ ಆಡದೆ ಜನರ ಕೂಗನ್ನೇ ಕೇಳಿಸಿದರು. ಆಮೇಲೆ ಅವರು ಹೇಳಿದ್ದರ ಭಾವ ಇಷ್ಟು: ಅಸಂಭವಗಳೇ ತುಂಬಿದ ಈ ವರ್ಷದಲ್ಲಿ ಅಸಾಧ್ಯವೇ ನಡೆದುಹೋಗಿದೆ. ಗಿಬ್ಸನ್ ಆ ಸರಣಿಯಲ್ಲಿ ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಡಾಡ್ಜರ್ಸ್ 4-1ರಿಂದ ಸರಣಿಯನ್ನು ಗೆದ್ದರು.

ಬೇಸ್‌ಬಾಲ್‌ನಲ್ಲಿ ಸಮಯ ಮುಗಿಯಿತೆಂದು ಆಟ ನಿಲ್ಲುವುದಿಲ್ಲ. ಕೊನೆಯ ಔಟ್ ಆಗುವವರೆಗೂ ಸೋಲುತ್ತಿರುವ ತಂಡಕ್ಕೆ ಅವಕಾಶ ಉಳಿದಿರುತ್ತದೆ, ಅದನ್ನು ಕಸಿಯಲು ಎದುರಾಳಿಯು ಚೆಂಡನ್ನು ಎಸೆಯಲೇಬೇಕು. ಈ ನಿಯಮದ ಸೊಗಸು ಗಿಬ್ಸನ್ ಪ್ರಸಂಗದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು ಎಂಬುದು ನನ್ನ ಅಭಿಪ್ರಾಯ. 36 ವರ್ಷಗಳ ಬಳಿಕ, 2024ರ ಅಕ್ಟೋಬರ್ 25ರಂದು, ಅದೇ ಮೈದಾನದಲ್ಲಿ, ಅದೂ ಸರಣಿಯ ಮೊದಲ ಪಂದ್ಯದಲ್ಲೇ, ಹಿಮ್ಮಡಿಯ ಗಂಟು ಉಳುಕಿಸಿಕೊಂಡಿದ್ದ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹತ್ತನೆಯ ಇನಿಂಗ್‌ನಲ್ಲಿ (ಸಮಬಲವಾದರೆ ಆಟ ಒಂಬತ್ತರ ಮುಂದೆಯೂ ಸಾಗುತ್ತದೆ) ಇಬ್ಬರು ಔಟಾಗಿದ್ದಾಗ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್‌ಗಳು ತುಂಬಿದ್ದಾಗ ನಾಲ್ಕು ರನ್ ತರುವ ಹೋಮ್ ರನ್, ಹೊಡೆದು ಪಂದ್ಯವನ್ನು 6-3ರಿಂದ ಮುಗಿಸಿದರು. ಪಂದ್ಯವನ್ನೇ ಮುಗಿಸುವ ಗ್ರ್ಯಾಂಡ್ ಸ್ಲ್ಯಾಮ್ ವರ್ಲ್ಡ್ ಸೀರೀಸ್‌ನಲ್ಲಿ ಅದೇ ಮೊದಲು. ಹಿರಿಯರ ಬಾಯಲ್ಲಿ 1988ರ ಕಥೆ ಕೇಳಿ ಬೆಳೆದವರಿಗೆ ತಮ್ಮದೇ ಎನ್ನುವಂಥ ಒಂದು ರಾತ್ರಿ ಸಿಕ್ಕಿತು.

ಪ್ರಶ್ನೆ: ಪಿಟ್ಸ್‌ಬರ್ಗ್‌ನ ಅಭಿಮಾನಿಗಳು ಪ್ರತಿ ವರ್ಷ ಹಳೆಯ ಗೋಡೆಯೊಂದರ ಬಳಿ ಸೇರಿ 1960ರ ಪಂದ್ಯದ ರೇಡಿಯೊ ಪ್ರಸಾರವನ್ನು ಕೇಳುತ್ತಾರೆಂದು ಓದಿದೆ. ಇದು ನಿಜವೇ?

ಉತ್ತರ: ನಿಜ. ಆ ಗೋಡೆ ಪೈರೇಟ್ಸ್ ತಂಡದ ಹಿಂದಿನ ಮೈದಾನವಾದ ಫೋರ್ಬ್ಸ್ ಫೀಲ್ಡ್‌ನದು. ಮೈದಾನವನ್ನು 1970ರ ದಶಕದ ಆರಂಭದಲ್ಲಿ ಕೆಡವಲಾಯಿತು. ಇಟ್ಟಿಗೆಯ ಹೊರಗೋಡೆಯ ಒಂದು ಭಾಗ ಮಾತ್ರ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಳ್ಳಿ ಹಬ್ಬಿಸಿಕೊಂಡು ಉಳಿದಿದೆ. 1960ರ ಅಕ್ಟೋಬರ್ 13ರಂದು ಅಲ್ಲಿ ನಡೆದ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದಲ್ಲಿ, 9-9ರ ಸಮಬಲದಲ್ಲಿ, ಬಿಲ್ ಮ್ಯಾಜರಾಸ್ಕಿ ಹೊಡೆದ ಚೆಂಡು ಎಡಗಡೆಯ ಗೋಡೆಯನ್ನು ದಾಟಿತು. ಏಳನೆಯ ಪಂದ್ಯವನ್ನು ಕೊನೆಯ ಹೊಡೆತದ ಹೋಮ್ ರನ್‌ನಿಂದ ಗೆದ್ದ ಉದಾಹರಣೆ ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಅದೊಂದೇ. ಆ ಸರಣಿಯ ಒಟ್ಟು ರನ್‌ಗಳನ್ನು ಕೂಡಿದರೆ ಯಾಂಕೀಸ್ 55, ಪೈರೇಟ್ಸ್ ಬರೀ 27. ಮೂರು ಪಂದ್ಯಗಳಲ್ಲಿ ಯಾಂಕೀಸ್ ಕೈಯಲ್ಲಿ ಹಣ್ಣುಗಾಯಿ ನೀರುಗಾಯಿಯಾಗಿದ್ದ ತಂಡವೇ ಕೊನೆಗೆ ಗೆದ್ದದ್ದು ನಗರದ ಜನರಿಗೆ ಎಷ್ಟು ಹಿತವಾಗಿರಬೇಕೆಂದು ನೀವೇ ಊಹಿಸಬಹುದು.

ಪ್ರತಿ ಅಕ್ಟೋಬರ್ 13ರಂದು ಅಭಿಮಾನಿಗಳು ಆ ಗೋಡೆಯ ಬುಡದಲ್ಲಿ ಸೇರಿ, ಪಂದ್ಯದ ರೇಡಿಯೊ ಧ್ವನಿಮುದ್ರಣವನ್ನು ಮಧ್ಯಾಹ್ನ ಮೊದಲಿನಿಂದ ಹಾಕುತ್ತಾರೆ. ಚೆಂಡು ಗೋಡೆ ದಾಟಿದ 3 ಗಂಟೆ 36 ನಿಮಿಷಕ್ಕೆ ಸರಿಯಾಗಿ ಧ್ವನಿಮುದ್ರಣದಲ್ಲೂ ಆ ಹೋಮ್ ರನ್ ಬರುವಂತೆ ಹೊತ್ತನ್ನು ಹೊಂದಿಸಲಾಗಿರುತ್ತದೆ. ಫಲಿತಾಂಶ ಎಲ್ಲರಿಗೂ ಗೊತ್ತು. ಆದರೂ ಅವರು ಎರಡೂವರೆ ಗಂಟೆ ಕೂತು ಕೇಳುತ್ತಾರೆ. ಮಧ್ಯದ ಏರಿಳಿತಗಳನ್ನು ಬಿಟ್ಟು ಆ ಕೊನೆಯ ಹೊಡೆತವನ್ನಷ್ಟೇ ಕೇಳಿದರೆ ಸಾಲದೆಂದು ಬಲ್ಲವರು ಅವರು.

ಪ್ರಶ್ನೆ: ಗೆಲುವಿನ ನೆನಪು ಸಹಜ. ಆದರೆ 1986ರಲ್ಲಿ ಬಿಲ್ ಬಕ್ನರ್ ಕಾಲುಗಳ ನಡುವೆ ಚೆಂಡು ನುಸುಳಿದ ಪ್ರಸಂಗವನ್ನು ಬಾಸ್ಟನ್‌ನವರು ಅಷ್ಟು ವರ್ಷ ಏಕೆ ಹಿಡಿದುಕೊಂಡರು?

ಉತ್ತರ: ಬಾಸ್ಟನ್‌ನ ರೆಡ್ ಸಾಕ್ಸ್ ತಂಡ 1918ರ ನಂತರ ಪ್ರಶಸ್ತಿಯನ್ನೇ ಕಂಡಿರಲಿಲ್ಲ, ಮತ್ತು 1986ರ ಅಕ್ಟೋಬರ್ 25ರ ರಾತ್ರಿ ಅದು ಕೈಗೆ ಬಂದ ತುತ್ತಾಗಿತ್ತು. ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದ ಹತ್ತನೆಯ ಇನಿಂಗ್‌ನಲ್ಲಿ ಬಾಸ್ಟನ್ 5-3ರಿಂದ ಮುಂದಿತ್ತು, ಮೆಟ್ಸ್‌ನ ಇಬ್ಬರು ಔಟಾಗಿದ್ದರು, ಬೇಸ್‌ಗಳಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಮೂರು ಹಿಟ್‌ಗಳು (ಬ್ಯಾಟರ್‌ನನ್ನು ಬೇಸ್‌ಗೆ ಮುಟ್ಟಿಸುವ ಹೊಡೆತಗಳು), ಒಂದು ದಾರಿತಪ್ಪಿದ ಎಸೆತ, ಕೊನೆಗೆ ಮೂಕಿ ವಿಲ್ಸನ್ ಹೊಡೆದ ನೆಲದ ಚೆಂಡು ಬಾಸ್ಟನ್ ಪರ ಮೊದಲ ಬೇಸ್ ಕಾಯುತ್ತಿದ್ದ ಬಕ್ನರ್ ಕಾಲುಗಳ ನಡುವೆ ನುಸುಳಿ ಮೆಟ್ಸ್ ಗೆದ್ದರು.

ಬಕ್ನರ್ ಮೇಲೆ ಹೊರಿಸಿದ ತಪ್ಪು ಅನ್ಯಾಯದ್ದೆಂದು ಖಚಿತವಾಗಿ ಹೇಳಬಯಸುತ್ತೇನೆ. ಚೆಂಡು ಅವರ ಬಳಿಗೆ ಬರುವ ಮೊದಲೇ ಪಂದ್ಯ ಸಮವಾಗಿತ್ತು. ಅವರು ಅದನ್ನು ಹಿಡಿದಿದ್ದರೂ ಆಟ ಮುಂದುವರಿಯುತ್ತಿತ್ತೇ ಹೊರತು ಬಾಸ್ಟನ್ ಗೆದ್ದಂತಾಗುತ್ತಿರಲಿಲ್ಲ. ಏಳನೆಯ ಪಂದ್ಯ ಇನ್ನೂ ಬಾಕಿಯಿತ್ತು, ಅದರಲ್ಲೂ 3-0ರಿಂದ ಮುಂದಿದ್ದ ತಂಡ ಸೋತಿತು. ಕಾಲುನೋವಿನಲ್ಲೇ ಆಡುತ್ತಾ ವೃತ್ತಿಜೀವನದಲ್ಲಿ 2,715 ಹಿಟ್‌ಗಳನ್ನು ಗಳಿಸಿದ ಆಟಗಾರನನ್ನು ಒಂದೇ ಒಂದು ಚೆಂಡಿನಿಂದ ಅಳೆಯಲಾಯಿತು.

ಆ ಗಾಯ ಮಾಯಲು 2004 ಬರಬೇಕಾಯಿತು. ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯಲ್ಲಿ ಯಾಂಕೀಸ್ ವಿರುದ್ಧ ಮೊದಲ ಮೂರೂ ಪಂದ್ಯಗಳನ್ನು ಸೋತು, ನಾಲ್ಕನೆಯದರಲ್ಲೂ ಒಂದು ರನ್ ಹಿಂದಿದ್ದಾಗ, ಒಂಬತ್ತನೆಯ ಇನಿಂಗ್‌ನಲ್ಲಿ ಮೊದಲ ಬೇಸ್‌ನಲ್ಲಿದ್ದ ಕೆವಿನ್ ಮಿಲಾರ್ ಬದಲಿಗೆ ಓಡಲೆಂದೇ ಡೇವ್ ರಾಬರ್ಟ್ಸ್ ಅವರನ್ನು ಇಳಿಸಲಾಯಿತು. ಅವರು ಎರಡನೆಯ ಬೇಸ್ ಕದಿಯುತ್ತಾರೆಂದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ ಬ್ಯಾಟರ್‌ಗೆ ಎಸೆಯುವ ಮೊದಲು ಮೂರು ಸಲ ಚೆಂಡನ್ನು ಮೊದಲ ಬೇಸ್‌ಗೆ ಎಸೆದು ಅವರನ್ನು ಹಿಮ್ಮೆಟ್ಟಿಸಿದರು. ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿದರು, ಕೂದಲೆಳೆಯಲ್ಲಿ ಪಾರಾದರು. ಬಿಲ್ ಮುಲ್ಲರ್ ಅವರ ಹಿಟ್ ಪಂದ್ಯವನ್ನು ಸಮ ಮಾಡಿತು, ಹನ್ನೆರಡನೆಯ ಇನಿಂಗ್‌ನಲ್ಲಿ ಡೇವಿಡ್ ಆರ್ಟಿಸ್ ಹೋಮ್ ರನ್ ಹೊಡೆದರು, ಆಮೇಲೆ ಬಾಸ್ಟನ್ ಆ ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ. 86 ವರ್ಷಗಳ ಬಳಿಕ ಪ್ರಶಸ್ತಿ ಬಂದಾಗ ಎಷ್ಟೋ ಜನ, ಅದನ್ನು ಕಾಣದೆ ತೀರಿಕೊಂಡ ತಂದೆ, ಅಜ್ಜಂದಿರ ಸಮಾಧಿಗಳ ಮೇಲೆ ತಂಡದ ಟೋಪಿ, ಬಾವುಟಗಳನ್ನಿಟ್ಟು ಬಂದರು. 2008ರ ಏಪ್ರಿಲ್ 8ರಂದು ಬಾಸ್ಟನ್‌ನ ಫೆನ್ವೆ ಪಾರ್ಕ್‌ನಲ್ಲಿ ಋತುವಿನ ಮೊದಲ ಚೆಂಡನ್ನು ಎಸೆಯಲು ಬಕ್ನರ್ ಅವರನ್ನು ಕರೆಸಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅವರು ಕಣ್ಣೊರೆಸಿಕೊಂಡರು.

ಪ್ರಶ್ನೆ: ಇದೇ ಬಗೆಯ ಕಾಯುವಿಕೆ ಷಿಕಾಗೊ ಕಬ್ಸ್ ಅಭಿಮಾನಿಗಳದ್ದೂ ಅಲ್ಲವೇ?

ಉತ್ತರ: ಹೌದು, ಅವರದು ಇನ್ನೂ ದೀರ್ಘ. 1908ರ ನಂತರ ಕಬ್ಸ್ ಪ್ರಶಸ್ತಿ ಗೆದ್ದದ್ದು 2016ರ ನವೆಂಬರ್ 2ರಂದು ಆರಂಭವಾಗಿ ಮಧ್ಯರಾತ್ರಿ ದಾಟಿ ಮುಗಿದ ಏಳನೆಯ ಪಂದ್ಯದಲ್ಲಿ, ಮಳೆಯಿಂದಾಗಿ 17 ನಿಮಿಷ ನಿಂತು ಹತ್ತನೆಯ ಇನಿಂಗ್‌ಗೆ ಹೋದ ಆಟದಲ್ಲಿ, ಕ್ಲೀವ್‌ಲ್ಯಾಂಡ್ ವಿರುದ್ಧ 8-7ರಿಂದ. ಆ ದಿನಗಳಲ್ಲಿ ಷಿಕಾಗೊದ ರಿಗ್ಲಿ ಫೀಲ್ಡ್‌ನ ಹೊರಗಿನ ಇಟ್ಟಿಗೆ ಗೋಡೆಗಳ ತುಂಬ ಜನ ಸೀಮೆಸುಣ್ಣದಲ್ಲಿ ತೀರಿಹೋದ ತಮ್ಮವರ ಹೆಸರುಗಳನ್ನು ಬರೆದರು.

ಪ್ರಶ್ನೆ: ಅಂಪೈರ್ ಮಾಡಿದ ತಪ್ಪು ಕೂಡ ಅಭಿಮಾನಿಗಳಿಗೆ ಪ್ರಿಯವಾದ ನೆನಪಾಗಲು ಸಾಧ್ಯವೇ?

ಉತ್ತರ: 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಪಿಚರ್ ಆರ್ಮಾಂಡೊ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಅದು ಪರಿಪೂರ್ಣ ಪಂದ್ಯ, ಅಂದರೆ ಎದುರಾಳಿಯ ಒಬ್ಬರೂ ಬೇಸ್ ತಲುಪದ ಪಂದ್ಯ. 27ನೆಯ ಬ್ಯಾಟರ್ ಸ್ಪಷ್ಟವಾಗಿ ಔಟಾಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ನಾಟ್‌ಔಟ್ ಎಂದರು. ಗಲರಾಗ ಜಗಳಕ್ಕೆ ಹೋಗದೆ ಮುಗುಳ್ನಕ್ಕು, ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದರು. ಪಂದ್ಯದ ನಂತರ ದೃಶ್ಯವನ್ನು ನೋಡಿದ ಜಾಯ್ಸ್ ತಪ್ಪು ತನ್ನದೇ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಒಪ್ಪಿಸಲು ಬಂದವರು ಸ್ವತಃ ಗಲರಾಗ. ಕಣ್ಣೀರು ತುಂಬಿಕೊಂಡ ಜಾಯ್ಸ್ ಅದನ್ನು ತೆಗೆದುಕೊಂಡು ಅವರ ಭುಜ ತಟ್ಟಿದರು. ಅಂಥ ತೀರ್ಪುಗಳನ್ನು ವಿಡಿಯೊ ನೋಡಿ ಪರಿಶೀಲಿಸುವ ವ್ಯವಸ್ಥೆ 2014ರಲ್ಲಿ ಬಂತು. ದಾಖಲೆಯನ್ನು ಮಾತ್ರ ತಿದ್ದಲಿಲ್ಲ.

ಪ್ರಶ್ನೆ: ಹೊಸದಾಗಿ ಬೇಸ್‌ಬಾಲ್ ನೋಡುವವರು ಹಳೆಯ ಪಂದ್ಯಗಳಲ್ಲಿ ಯಾವುದರಿಂದ ಆರಂಭಿಸಬೇಕು?

ಉತ್ತರ: ಹಳೆಯ ಪಂದ್ಯಗಳಲ್ಲಿ ಕೆಲವು ಉಳಿದುಬಂದದ್ದೇ ಆಕಸ್ಮಿಕ. ನ್ಯೂಯಾರ್ಕ್ ಜೈಂಟ್ಸ್ ತಂಡದ ಬಾಬಿ ಥಾಮ್ಸನ್ ಅವರ 1951ರ ಹೋಮ್ ರನ್ನಿನ ಪ್ರಸಿದ್ಧ ರೇಡಿಯೊ ವಿವರಣೆ ಉಳಿದದ್ದು, ಅಭಿಮಾನಿಯೊಬ್ಬರು ಕೆಲಸಕ್ಕೆ ಹೊರಡುವಾಗ ಅದನ್ನು ಧ್ವನಿಮುದ್ರಿಸಿಡುವಂತೆ ತಾಯಿಗೆ ಹೇಳಿದ್ದರಿಂದ. ಮ್ಯಾಜರಾಸ್ಕಿ ಪಂದ್ಯದ ಪೂರ್ಣ ಚಿತ್ರಣ, ಪೈರೇಟ್ಸ್ ತಂಡದ ಪಾಲುದಾರರಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ ಅವರ ಮನೆಯಲ್ಲಿ ಅರ್ಧ ಶತಮಾನದಷ್ಟು ಕಾಲ ಇದ್ದು ಆಮೇಲೆ ಬೆಳಕಿಗೆ ಬಂತು. ಆದರೆ ನೋಡಲು ಶುರುಮಾಡುವವರಿಗೆ ನನ್ನ ಆಯ್ಕೆ 1975ರ ಅಕ್ಟೋಬರ್ 21ರಂದು ಫೆನ್ವೆ ಪಾರ್ಕ್‌ನಲ್ಲಿ ಬಾಸ್ಟನ್ ಮತ್ತು ಸಿನ್ಸಿನಾಟಿ ನಡುವೆ ನಡೆದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಹನ್ನೆರಡನೆಯ ಇನಿಂಗ್‌ನಲ್ಲಿ ಬಾಸ್ಟನ್‌ನ ಕಾರ್ಲ್ಟನ್ ಫಿಸ್ಕ್, ತಾವು ಹೊಡೆದ ಚೆಂಡು ಗೆರೆಯಿಂದಾಚೆ ಹೋಗದಿರಲೆಂದು ಎರಡೂ ಕೈಗಳನ್ನು ಬೀಸುತ್ತಾ ಜಿಗಿಯುವ ದೃಶ್ಯವೇ ಎಲ್ಲೆಡೆ ಕಾಣಸಿಗುತ್ತದೆ. ದಯವಿಟ್ಟು ಅದೊಂದನ್ನೇ ನೋಡಿ ಮುಗಿಸಬೇಡಿ. ಬಾಸ್ಟನ್ 6-3ರಿಂದ ಹಿಂದಿದ್ದಾಗ ಬರ್ನಿ ಕಾರ್ಬೊ ಬ್ಯಾಟ್ ಹಿಡಿದು ಬರುವ ಎಂಟನೆಯ ಇನಿಂಗ್‌ನಿಂದ ಆರಂಭಿಸಿ.